ಶಾಲೆಗೆ ಜನ ಒದಗಿಸುವ ವ್ಯವಸ್ಥೆ: ಕೊನೆಯಂಚಿನಿಂದ ಒಂದು ವಿಮರ್ಶೆ

ಕರ್ನಾಟಕದ ಸರ್ಕಾರಿ ಪ್ರಾಥಮಿಕ ಶಾಲೆಯೊಂದಕ್ಕೆ ಕಾಯಂ ಶಿಕ್ಷಕಿಯೊಬ್ಬರು ಬರಬೇಕಾದರೆ ಅವರು ಮೊದಲು ಡಿ.ಎಲ್.ಇಡಿ. (ಪ್ರಾಥಮಿಕ ಶಿಕ್ಷಣದ ಡಿಪ್ಲೊಮಾ) ಅಥವಾ ಬಿ.ಇಡಿ. ಮುಗಿಸಿ, ಶಿಕ್ಷಕರ ಅರ್ಹತಾ ಪರೀಕ್ಷೆಯಾದ ಟಿಇಟಿಯಲ್ಲಿ ಅರ್ಹತೆ ಪಡೆದು, ನೇಮಕಾತಿಯ ಅಧಿಸೂಚನೆಗೆ ಕಾದು, ಸ್ಪರ್ಧಾತ್ಮಕ ಪರೀಕ್ಷೆ ಬರೆದು, ಆಯ್ಕೆ ಪಟ್ಟಿಯಲ್ಲಿ ಹೆಸರು ಕಂಡು, ದಾಖಲೆ ಪರಿಶೀಲನೆ ಮತ್ತು ಕೌನ್ಸೆಲಿಂಗ್ ದಾಟಿ ಆದೇಶ ಪತ್ರ ಪಡೆಯಬೇಕು. ಅದೇ ಶಾಲೆಗೆ ಅಡುಗೆಯವರು ಬೇಕಾದರೆ ಸ್ಥಳೀಯ ಮಟ್ಟದಲ್ಲಿ ಒಂದೆರಡು ಸಭೆಗಳ ನಡಾವಳಿಯಲ್ಲಿ ಕೆಲಸ ಮುಗಿಯುತ್ತದೆ. ಜವಾನ, ಗುಮಾಸ್ತ ಅಥವಾ ಶೌಚಾಲಯ ಸ್ವಚ್ಛಗೊಳಿಸುವವರು ಬೇಕಾದರೆ ಯಾರ ಬಾಗಿಲು ತಟ್ಟಬೇಕೆಂಬುದೇ ತಿಳಿಯುವುದಿಲ್ಲ, ಏಕೆಂದರೆ ಪ್ರಾಥಮಿಕ ಶಾಲೆಗಳಲ್ಲಿ ಸಾಮಾನ್ಯವಾಗಿ ಅಂಥ ಹುದ್ದೆಗಳೇ ಇಲ್ಲ. ಒಂದೇ ಕಾಂಪೌಂಡಿನೊಳಗಿನ ಈ ಎಲ್ಲ ಕೆಲಸಗಳಿಗೆ ಜನರನ್ನು ತಯಾರು ಮಾಡುವ, ಆರಿಸುವ, ಉಳಿಸಿಕೊಳ್ಳುವ ಏರ್ಪಾಡನ್ನು ಒಟ್ಟಾಗಿ ಒಂದು ಸೇವೆಯೆಂದು ಭಾವಿಸಿ, ಆ ಸೇವೆಯನ್ನು ಪಡೆಯುವ ಶಾಲೆಯ ಕಡೆಯಿಂದ ಅದನ್ನು ತೂಗಿ ನೋಡುವುದು ಈ ಬರಹದ ಉದ್ದೇಶ.

ಗ್ರಾಮೀಣ ಭಾಗದ ಹಿರಿಯ ಪ್ರಾಥಮಿಕ ಶಾಲೆಯೊಂದರ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ, ಅಂದರೆ ಎಸ್‌ಡಿಎಂಸಿಯಲ್ಲಿ ಪೋಷಕ ಸದಸ್ಯನಾಗಿ ಕೆಲಸ ಮಾಡಿದ ಅನುಭವವಷ್ಟೇ ನನ್ನದು, ಇಲಾಖೆಯ ಒಳಗಿನವನಲ್ಲ. ನಾಲೆಯ ಮೇಲ್ಭಾಗದಲ್ಲಿ ನಿಂತ ಎಂಜಿನಿಯರಿಗೆ ಎಷ್ಟು ಕ್ಯುಸೆಕ್ ನೀರು ಹರಿಯಿತೆಂಬ ಲೆಕ್ಕ ಮುಖ್ಯವಾದರೆ, ಕೊನೆಯಂಚಿನ ಜಮೀನಿನವನಿಗೆ ತನ್ನ ತೂಬಿಗೆ ನೀರು ಬಂದಿತೇ ಇಲ್ಲವೇ ಎಂಬುದಷ್ಟೇ ಮುಖ್ಯ. ಅದೇ ರೀತಿಯಲ್ಲಿ ನನ್ನ ಮಾನದಂಡಗಳೂ ಸರಳವಾಗಿವೆ: ಬೇಕಾದ ಹೊತ್ತಿಗೆ ಜನ ಬಂದರೇ, ಬಂದವರಿಗೆ ಕೆಲಸ ಗೊತ್ತಿದೆಯೇ, ಕೆಲಸ ಕಲಿತವರು ಉಳಿದರೇ. ಕಾನೂನಿನ ಮಾನದಂಡ ಇದಕ್ಕಿಂತ ಕಟ್ಟುನಿಟ್ಟಾದುದು. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯು ಕಿರಿಯ ಪ್ರಾಥಮಿಕ ಹಂತದಲ್ಲಿ 30 ಮಕ್ಕಳಿಗೆ, ಹಿರಿಯ ಪ್ರಾಥಮಿಕ ಹಂತದಲ್ಲಿ 35 ಮಕ್ಕಳಿಗೆ ಒಬ್ಬ ಶಿಕ್ಷಕರಿರಬೇಕು ಎನ್ನುತ್ತದೆ. ಅದರ 26ನೇ ಸೆಕ್ಷನ್ ಯಾವ ಶಾಲೆಯಲ್ಲೂ ಮಂಜೂರಾದ ಹುದ್ದೆಗಳ ಪೈಕಿ ಶೇ. 10ಕ್ಕಿಂತ ಹೆಚ್ಚು ಖಾಲಿ ಇರಬಾರದು ಎನ್ನುತ್ತದೆ. ಐದು ಹುದ್ದೆಗಳ ಶಾಲೆಯಲ್ಲಿ ಒಂದು ಹುದ್ದೆ ಖಾಲಿಯಾದರೂ ಶೇ. 20 ಆಗುವುದರಿಂದ, ಸಣ್ಣ ಶಾಲೆಗಳಿಗೆ ಈ ಸೆಕ್ಷನ್‌ನ ಅರ್ಥ ಒಂದು ಹುದ್ದೆಯೂ ಖಾಲಿ ಇರಕೂಡದು ಎಂದೇ ಆಗುತ್ತದೆ.

ತರಬೇತಿಯಿಂದ ಆರಂಭಿಸುವುದಾದರೆ, ಹಿಂದೆ ಟಿಸಿಎಚ್ ಎಂದು, ಬಳಿಕ ಡಿ.ಇಡಿ. ಎಂದು ಕರೆಯುತ್ತಿದ್ದ ಶಿಕ್ಷಣವೇ ಇಂದು ಡಿ.ಎಲ್.ಇಡಿ. ಆಗಿದೆ. ಪಿಯುಸಿಯ ನಂತರ 2 ವರ್ಷಗಳ ಈ ಕೋರ್ಸು, 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲವಾಗಿ ಜಿಲ್ಲೆಗಳಲ್ಲಿ ಹುಟ್ಟಿದ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳಾದ ಡಯಟ್‌ಗಳಲ್ಲಿಯೂ ಖಾಸಗಿ ಕಾಲೇಜುಗಳಲ್ಲಿಯೂ ಲಭ್ಯವಿದೆ. ಒಂದು ಕಾಲದಲ್ಲಿ ಊರಿಗೊಂದರಂತೆ ತಲೆ ಎತ್ತಿದ್ದ ಡಿ.ಇಡಿ. ಕಾಲೇಜುಗಳಲ್ಲಿ ಬಹಳಷ್ಟು ಇಂದು ಬೀಗ ಹಾಕಿಕೊಂಡಿರುವುದು ಎಲ್ಲರಿಗೂ ಕಾಣುವ ಸಂಗತಿ. ನೌಕರಿಯ ಭರವಸೆ ಕುಂದಿದಾಗ ಸೀಟುಗಳೂ ಖಾಲಿಯಾದವು. ಕೋರ್ಸಿನ ಒಳಗೆ ನನಗೆ ಮೆಚ್ಚುಗೆಯಾದ ಭಾಗವೆಂದರೆ ಶಾಲಾ ಇಂಟರ್ನ್‌ಶಿಪ್. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ (ಎನ್‌ಸಿಟಿಇ) 2014ರ ನಿಯಮಾವಳಿ ಡಿ.ಎಲ್.ಇಡಿ. ಮತ್ತು ಬಿ.ಇಡಿ. ಎರಡರಲ್ಲಿಯೂ ಒಟ್ಟು 20 ವಾರಗಳ ಶಾಲಾ ಅನುಭವವನ್ನು ಕಡ್ಡಾಯಗೊಳಿಸಿತು. ನಮ್ಮ ಶಾಲೆಗೆ ಬರುವ ಪ್ರಶಿಕ್ಷಣಾರ್ಥಿಗಳು ಮೊದಲ ವಾರ ಥರ್ಮಾಕೋಲಿನ ಪಾಠೋಪಕರಣಗಳನ್ನು ಬಗಲಲ್ಲಿಟ್ಟುಕೊಂಡು, ಪಾಠಯೋಜನೆಯ ಪುಸ್ತಕವನ್ನು ಎದೆಗವಚಿಕೊಂಡು ನಿಲ್ಲುತ್ತಾರೆ. ಎರಡು ತಿಂಗಳು ಕಳೆಯುವಷ್ಟರಲ್ಲಿ ಹಿಂದಿನ ಸಾಲಿನ ಯಾವ ಹುಡುಗ ಅಕ್ಷರ ಬಾರದೆ ಬರೆದಂತೆ ನಟಿಸುತ್ತಿದ್ದಾನೆಂದು ಅವರೇ ಗುರುತಿಸಿ ಹೇಳುತ್ತಾರೆ. ಆದರೆ ಅವರನ್ನು ಕೂಡಿಸಿಕೊಂಡು ಪಾಠದ ಸರಿ ತಪ್ಪು ಹೇಳಬೇಕಾದ ಶಿಕ್ಷಕರಿಗೆ ಆ ಕೆಲಸಕ್ಕೆಂದು ಬಿಡುವಾಗಲಿ ಭತ್ಯೆಯಾಗಲಿ ಇಲ್ಲ. ಹೀಗಾಗಿ ಎಷ್ಟೋ ಕಡೆ ಪ್ರಶಿಕ್ಷಣಾರ್ಥಿಗಳು ಖಾಲಿ ಹುದ್ದೆಯನ್ನು ಬಿಟ್ಟಿ ತುಂಬುವವರಾಗಿ ಉಳಿಯುತ್ತಾರೆ.

ಸೇವೆಯ ಷರತ್ತುಗಳು ಮಧ್ಯದಲ್ಲಿ ಬದಲಾಗುವುದು ಗ್ರಾಹಕನಿಗೆ ಆಗುವ ದೊಡ್ಡ ಅನ್ಯಾಯವೆಂದಾದರೆ, ಈ ಕ್ಷೇತ್ರದಲ್ಲಿ ಅದು ಪದೇ ಪದೇ ನಡೆದಿದೆ. 2018ರಲ್ಲಿ ಎನ್‌ಸಿಟಿಇ ಅಧಿಸೂಚನೆಯೊಂದರ ಮೂಲಕ ಬಿ.ಇಡಿ. ಪದವೀಧರರೂ 1ರಿಂದ 5ನೇ ತರಗತಿಗೆ ಕಲಿಸಬಹುದೆಂದು ಹೇಳಿತು. 2023ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ಅದು ಸಲ್ಲದು, ಆ ಹಂತಕ್ಕೆ ಬೇಕಾದ ತರಬೇತಿ ಡಿ.ಎಲ್.ಇಡಿ.ಯೇ ಎಂದು ತೀರ್ಪಿತ್ತಿತು. ತೀರ್ಪಿನ ತಿರುಳು ನನಗೆ ಒಪ್ಪಿಗೆಯೇ, ಏಕೆಂದರೆ ಆರು ವರ್ಷದ ಮಗುವಿಗೆ ಓದು ಕಲಿಸುವ ವಿದ್ಯೆಯೇ ಬೇರೆ. ಆದರೆ ನಡುವಿನ ಐದು ವರ್ಷಗಳಲ್ಲಿ ಆ ಅಧಿಸೂಚನೆಯನ್ನು ನಂಬಿ ಶುಲ್ಕ ಕಟ್ಟಿದವರ ಲೆಕ್ಕವನ್ನು ಯಾರೂ ಇಡಲಿಲ್ಲ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಡಿ.ಎಲ್.ಇಡಿ.ಯ ಕಥೆಯೂ ಇಂಥದೇ. ತರಬೇತಿಯಿಲ್ಲದೆ ಕೆಲಸದಲ್ಲಿದ್ದ ಶಿಕ್ಷಕರು 2019ರ ಮಾರ್ಚ್ 31ರೊಳಗೆ ಅರ್ಹತೆ ಪಡೆಯಲೆಂದು ದೇಶದಾದ್ಯಂತ ದೂರಶಿಕ್ಷಣದ ಮೂಲಕ ಈ ಅವಕಾಶ ಕೊಡಲಾಯಿತು. 2023ರಲ್ಲಿ ಅದು ಎರಡು ವರ್ಷದ ಡಿಪ್ಲೊಮಾಕ್ಕೆ ಸಮನಲ್ಲವೆಂಬ ತೀರ್ಪು ಬಂದು, ಮರುವರ್ಷ 2017ರ ಆಗಸ್ಟ್ 10ಕ್ಕೆ ಸೇವೆಯಲ್ಲಿದ್ದವರ ಮಟ್ಟಿಗೆ ಅದು ಸಿಂಧುವೆಂಬ ಸ್ಪಷ್ಟನೆಯೂ ಬಂತು. ಕೆಲಸ ಮಾಡುತ್ತಲೇ ಕಲಿಯುವ ಏರ್ಪಾಡನ್ನು ಅಷ್ಟು ದೊಡ್ಡ ಪ್ರಮಾಣದಲ್ಲಿ ಮಾಡಬಹುದೆಂದು ತೋರಿಸಿದ ಈ ಪ್ರಯೋಗವು, ಅದರ ಕಾನೂನಿನ ಬುಡ ಗಟ್ಟಿಯಿಲ್ಲದಿದ್ದರೆ ಏನಾಗುತ್ತದೆಂಬುದನ್ನೂ ತೋರಿಸಿತು.

ಇಡೀ ವ್ಯವಸ್ಥೆಯಲ್ಲಿ ಹೆಚ್ಚು ನಂಬಿಕೆಗೆ ಅರ್ಹವಾದ ಭಾಗ ಯಾವುದೆಂದು ಕೇಳಿದರೆ ನಾನು ಟಿಇಟಿಯನ್ನು ಹೆಸರಿಸುತ್ತೇನೆ. ಕೇಂದ್ರೀಕೃತ ದಾಖಲಾತಿ ಘಟಕವು ನಡೆಸುವ ಕರ್ನಾಟಕ ಶಿಕ್ಷಕರ ಅರ್ಹತಾ ಪರೀಕ್ಷೆ 2014ರಲ್ಲಿ ಶುರುವಾಗಿ ಈಚಿನ ವರ್ಷಗಳಲ್ಲಿ ಹೆಚ್ಚುಕಡಿಮೆ ವರ್ಷಕ್ಕೊಮ್ಮೆ ನಡೆಯುತ್ತಿದೆ. 150 ಪ್ರಶ್ನೆ, 150 ಅಂಕ, 150 ನಿಮಿಷ. ಸಾಮಾನ್ಯ ವರ್ಗಕ್ಕೆ ಶೇ. 60 ಬಂದರೆ ಅರ್ಹತೆ. ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ. ಮೊದಲು 7 ವರ್ಷವಿದ್ದ ಪ್ರಮಾಣಪತ್ರದ ಮಾನ್ಯತೆಯನ್ನು 2021ರಲ್ಲಿ ಜೀವಿತಾವಧಿಗೆ ವಿಸ್ತರಿಸಿದ್ದು ಅಭ್ಯರ್ಥಿಗಳಿಗೆ ನಿಜವಾದ ಉಪಕಾರ. ಬಹುಆಯ್ಕೆ ಪ್ರಶ್ನೆಗಳಿಂದ ತರಗತಿ ನಡೆಸುವ ಕೌಶಲವನ್ನು ಅಳೆಯಲಾಗದು ಎಂಬ ಟೀಕೆ ಸರಿಯಾದರೂ, ಅಳೆಯಬೇಕಾದ ಕನಿಷ್ಠ ಮಟ್ಟವೊಂದನ್ನು ಅದು ಗಟ್ಟಿಯಾಗಿ ಹಿಡಿದುಕೊಂಡಿದೆ. 2025ರ ಸೆಪ್ಟೆಂಬರ್ 1ರ ಸುಪ್ರೀಂ ಕೋರ್ಟಿನ ತೀರ್ಪಿನ ನಂತರ ಈ ಪರೀಕ್ಷೆಗೆ ಹೊಸ ಭಾರವೊಂದು ಬಿದ್ದಿದೆ: ನಿವೃತ್ತಿಗೆ 5 ವರ್ಷಕ್ಕಿಂತ ಹೆಚ್ಚು ಅವಧಿಯಿರುವ, ಸೇವೆಯಲ್ಲಿರುವ ಶಿಕ್ಷಕರೂ 2 ವರ್ಷದೊಳಗೆ ಟಿಇಟಿ ಮುಗಿಸಬೇಕು, ಅದಕ್ಕಿಂತ ಕಡಿಮೆ ಸೇವೆ ಉಳಿದವರಿಗೆ ಬಡ್ತಿ ಬೇಡವೆಂದಾದರೆ ವಿನಾಯಿತಿ. ಕೆಳ ತರಗತಿಗಳಲ್ಲಿ ಇಪ್ಪತ್ತು ವರ್ಷ ನಲಿ-ಕಲಿ ಪದ್ಧತಿಯ ಪಾಠ ನಡೆಸಿದ ಮೇಷ್ಟರೊಬ್ಬರು ಮಧ್ಯಾಹ್ನದ ಬಿಡುವಿನಲ್ಲಿ ಮಾರ್ಗದರ್ಶಿ ಪುಸ್ತಕ ತೆರೆದು ಮನಶ್ಶಾಸ್ತ್ರಜ್ಞ ಪಿಯಾಜೆ ಹೇಳಿದ ಮಕ್ಕಳ ಬೆಳವಣಿಗೆಯ ಹಂತಗಳನ್ನು ಬಾಯಿಪಾಠ ಮಾಡುವುದನ್ನು ನೋಡಿದಾಗ ಅಯ್ಯೋ ಎನಿಸುತ್ತದೆ. ಆದರೂ ಹಂತಗಳನ್ನು ಅವರು ಕಂಡಿರುವುದು ಪುಸ್ತಕ ಬರೆದವರಿಗಿಂತ ಹತ್ತಿರದಿಂದ ಎಂಬ ಧೈರ್ಯವೂ ನನಗಿದೆ.

ಅರ್ಹತೆಯಿಂದ ಆದೇಶ ಪತ್ರದವರೆಗಿನ ಹಾದಿಯಲ್ಲಿ ಸೇವೆ ಪೂರ್ತಿಯಾಗಿ ಕುಸಿಯುತ್ತದೆ. 6ರಿಂದ 8ನೇ ತರಗತಿಯ ಪದವೀಧರ ಪ್ರಾಥಮಿಕ ಶಿಕ್ಷಕರ ಹಿಂದಿನ ನೇಮಕಾತಿಯೊಂದರಲ್ಲಿ 10 ಸಾವಿರಕ್ಕೂ ಹೆಚ್ಚು ಹುದ್ದೆಗಳನ್ನು ಪ್ರಕಟಿಸಿ, ಕನಿಷ್ಠ ಅಂಕಗಳ ಷರತ್ತಿನಿಂದಾಗಿ ಅರ್ಧದಷ್ಟೂ ತುಂಬಲಾಗಲಿಲ್ಲ. ಮುಂದೆ 2022ರ ಮಾರ್ಚ್‌ನಲ್ಲಿ 15 ಸಾವಿರ ಹುದ್ದೆಗಳಿಗೆ ಅಧಿಸೂಚನೆ ಬಂತು, ಮೇ ತಿಂಗಳಲ್ಲಿ ಪರೀಕ್ಷೆಯೂ ನಡೆಯಿತು. ಆಮೇಲೆ ವಿವಾಹಿತ ಮಹಿಳಾ ಅಭ್ಯರ್ಥಿಗಳ ಜಾತಿ ಮತ್ತು ಆದಾಯ ಪ್ರಮಾಣಪತ್ರ ತಂದೆಯದಿರಬೇಕೇ ಗಂಡನದಿರಬೇಕೇ ಎಂಬ ಪ್ರಶ್ನೆಯ ಮೇಲೆ ಪಟ್ಟಿ ನ್ಯಾಯಾಲಯಕ್ಕೆ ಹೋಗಿ, 2023ರ ಅಕ್ಟೋಬರ್‌ನಲ್ಲಿ ಹೈಕೋರ್ಟಿನ ವಿಭಾಗೀಯ ಪೀಠ ದಾರಿ ತೆರೆದ ಮೇಲಷ್ಟೇ 13 ಸಾವಿರಕ್ಕೂ ಹೆಚ್ಚು ಮಂದಿಗೆ ನೇಮಕಾತಿ ಸಾಧ್ಯವಾಯಿತು. ಅರ್ಜಿಯ ನಮೂನೆಯಲ್ಲಿ ಒಂದು ಸಾಲಿನ ಸ್ಪಷ್ಟತೆ ಇದ್ದಿದ್ದರೆ ತಪ್ಪಬಹುದಾಗಿದ್ದ ಕಾಲಹರಣ ಅದು. 2024ರ ಅಕ್ಟೋಬರ್ ಕೊನೆಯಲ್ಲಿ ಪರಿಶಿಷ್ಟ ಜಾತಿಗಳ ಒಳಮೀಸಲಾತಿಯ ತೀರ್ಮಾನವಾಗುವವರೆಗೆ ಹೊಸ ಅಧಿಸೂಚನೆ ಬೇಡವೆಂದು ಸಚಿವ ಸಂಪುಟ ನಿರ್ಧರಿಸಿ, 2025ರ ಆಗಸ್ಟ್‌ನಲ್ಲಿ 6:6:5ರ ಹಂಚಿಕೆಗೆ ಒಪ್ಪಿಗೆ ದೊರೆಯಿತು. ದಶಕಗಳ ಹೋರಾಟದ ನ್ಯಾಯ ಅದಾದ್ದರಿಂದ ಆ ತಡವನ್ನು ನಾನು ದೂರುವುದಿಲ್ಲ. ಆದರೆ ಶಿಕ್ಷಕರ ನಿವೃತ್ತಿ ಮಾತ್ರ ಯಾವ ತಡೆಯೂ ಇಲ್ಲದೆ ಪ್ರತಿ ತಿಂಗಳ ಕೊನೆಯ ದಿನ ನಡೆದೇ ಇರುತ್ತದೆ. ಯಾರು ಯಾವ ತಿಂಗಳು 60 ತುಂಬುತ್ತಾರೆಂಬುದು ಸೇವಾ ಪುಸ್ತಕದಲ್ಲಿ ಮೊದಲ ದಿನವೇ ಬರೆದಿರುವಾಗ, ಮುಂದಿನ ಐದು ವರ್ಷಕ್ಕೆ ಯಾವ ತಾಲ್ಲೂಕಿಗೆ ಯಾವ ವಿಷಯದ ಎಷ್ಟು ಜನ ಬೇಕೆಂದು ಹೇಳಲು ಹೊಸ ಸಮೀಕ್ಷೆಯೇನೂ ಬೇಕಿಲ್ಲ.

ಈ ತಡವನ್ನು ತುಂಬುವವರು ಅತಿಥಿ ಶಿಕ್ಷಕರು. ಜೂನ್ ತಿಂಗಳಲ್ಲಿ ತಾಲ್ಲೂಕಿಗೆ ಇಷ್ಟು ಎಂದು ಸಂಖ್ಯೆ ಹಂಚಿಕೆಯಾಗಿ, ಶಾಲೆಯ ಗೋಡೆಗೆ ಪ್ರಕಟಣೆ ಅಂಟಿಸಿ, ಬಂದ ಅರ್ಜಿಗಳನ್ನು ಅಂಕಗಳ ಮೇಲೆ ಜೋಡಿಸಿ ಮುಖ್ಯಶಿಕ್ಷಕರು ಆಯ್ಕೆ ಮಾಡುತ್ತಾರೆ. 2025–26ರ ಬಜೆಟ್‌ನಲ್ಲಿ 2,000 ರೂಪಾಯಿ ಏರಿದ ಬಳಿಕ ಪ್ರಾಥಮಿಕ ಶಾಲೆಯಲ್ಲಿ ತಿಂಗಳಿಗೆ 12,000, ಪ್ರೌಢಶಾಲೆಯಲ್ಲಿ 12,500 ರೂಪಾಯಿ ಗೌರವಧನ. ಬೇಸಿಗೆ ರಜೆಯ ಹಣವಿಲ್ಲ. ಬರುವ ಹಣವೂ ಕೆಲವೊಮ್ಮೆ ಎರಡು ಮೂರು ತಿಂಗಳದು ಒಟ್ಟಿಗೆ ಬರುತ್ತದೆ. ಶಾಲೆಯ ದೃಷ್ಟಿಯಿಂದ ನೋಡಿದರೆ ಈ ಸೇವೆಯ ವೇಗವನ್ನು ಮೆಚ್ಚಲೇಬೇಕು: ಸಂಖ್ಯೆ ಮಂಜೂರಾದರೆ ವಾರದೊಳಗೆ ತರಗತಿಗೆ ಶಿಕ್ಷಕರಿರುತ್ತಾರೆ, ಅವರು ಬಹುಪಾಲು ಅಕ್ಕಪಕ್ಕದ ಊರಿನವರೇ ಆಗಿರುತ್ತಾರೆ, ಮಕ್ಕಳ ಮನೆಮಾತು ಅವರಿಗೆ ಗೊತ್ತಿರುತ್ತದೆ. ಕಾಯಂ ನೇಮಕಾತಿಯ ಪರೀಕ್ಷೆಗಳಿಗೆ ಓದುತ್ತಲೇ ಕಲಿಸುವವರಾದ್ದರಿಂದ ವಿಷಯಜ್ಞಾನದಲ್ಲಿಯೂ ಇವರಲ್ಲಿ ಅನೇಕರು ಚುರುಕು.

ದೋಷ ಕಾಣುವುದು ತರಗತಿಯ ಒಳಗೆ. ನಲಿ-ಕಲಿ ಕೊಠಡಿಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಮೊಳೆತು 2009ರ ಸುಮಾರಿಗೆ ರಾಜ್ಯದ ಸರ್ಕಾರಿ ಶಾಲೆಗಳ ಕೆಳ ತರಗತಿಗಳಿಗೆಲ್ಲ ಹರಡಿದ ಈ ಪದ್ಧತಿಯಲ್ಲಿ ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂರುತ್ತಾರೆ. ಪೂರ್ಣ ಶಿಕ್ಷಕರ ನೆರವಿನ ಗುಂಪಿನಿಂದ ಸ್ವಕಲಿಕೆಯ ಗುಂಪಿನವರೆಗೆ ಗುಂಪುಗಳನ್ನು ಗುರುತಿಸುವ ಐದು ತಟ್ಟೆಗಳು. ಪ್ರತಿ ಮಗುವಿಗೂ ಕಲಿಕಾ ಏಣಿಯಲ್ಲಿ ತನ್ನದೇ ಮೆಟ್ಟಿಲು. ಅದಕ್ಕೆ ತಕ್ಕ ಕಾರ್ಡು. ತರಬೇತಿ ಪಡೆದ ಶಿಕ್ಷಕಿಯ ಕೊಠಡಿಯಲ್ಲಿ ಮಗು ತಾನೇ ಎದ್ದು ಹೋಗಿ ತನ್ನ ಕಾರ್ಡು ತೆಗೆದುಕೊಂಡು ಬಂದು ಕೂರುತ್ತದೆ. ಪದ್ಧತಿ ತಿಳಿಯದ ಹೊಸಬರು ಬಂದರೆ ಒಂದೇ ವಾರದಲ್ಲಿ ಕಾರ್ಡುಗಳು ಕಲೆತುಹೋಗಿ, ತಟ್ಟೆಗಳು ಮೂಲೆಗೆ ಸೇರಿ, ಎಲ್ಲರೂ ಕಪ್ಪುಹಲಗೆಯನ್ನು ನೋಡಿ ಬರೆಯತೊಡಗುತ್ತಾರೆ. ಜೂನ್‌ನಲ್ಲಿ ಸೇರಿದವರಿಗೆ ಈ ತರಬೇತಿ ಮೊದಲ ವಾರದಲ್ಲಿಯೇ ಸಿಗಬೇಕು; ನಾನು ಕಂಡ ಮಟ್ಟಿಗೆ ಅವರಿಗೆ ಕಲಿಸಿದ್ದು ಪಕ್ಕದ ಕೊಠಡಿಯ ಹಿರಿಯ ಶಿಕ್ಷಕಿ, ಅದೂ ತಮ್ಮ ತರಗತಿಯನ್ನು ಬಿಟ್ಟುಬಂದು. ಹೀಗೆ ಕಲಿತು ನುರಿತವರು ಮಾರ್ಚ್‌ನಲ್ಲಿ ಬಿಡುಗಡೆಯಾಗುತ್ತಾರೆ. ಮುಂದಿನ ಜೂನ್‌ನಲ್ಲಿ ಅವರೇ ಬರುತ್ತಾರೆಂಬ ಖಾತ್ರಿಯಿಲ್ಲ. ಹೆಚ್ಚು ಅಂಕದ ಅರ್ಜಿಯೊಂದು ಬಂದರೆ ಅನುಭವಿಗೆ ಜಾಗ ತಪ್ಪುತ್ತದೆ. ಹತ್ತಿರದ ಖಾಸಗಿ ಶಾಲೆ ಏಪ್ರಿಲ್‌ನಲ್ಲೇ ಕರೆದರೆ ಅವರು ಹೋಗುತ್ತಾರೆ, ಹೋಗುವುದು ತಪ್ಪೂ ಅಲ್ಲ. 2022ರ ನೇಮಕಾತಿಯಲ್ಲಿ ಪರೀಕ್ಷೆ, ಟಿಇಟಿ, ಪದವಿ, ತರಬೇತಿಯ ಅಂಕಗಳಿಗೆ ಲೆಕ್ಕವಿತ್ತು. ವರ್ಷಗಟ್ಟಲೆ ಸರ್ಕಾರಿ ಶಾಲೆಯಲ್ಲಿ ಕಲಿಸಿದ್ದಕ್ಕೆ ಲೆಕ್ಕವಿರಲಿಲ್ಲ. ಸೇವೆಗೆ ಕೃಪಾಂಕ ಬೇಕೆಂಬ ಅತಿಥಿ ಶಿಕ್ಷಕರ ಬೇಡಿಕೆಯನ್ನು ಕೆಲವರು ಹಿಂಬಾಗಿಲ ಪ್ರವೇಶವೆಂದು ಆಕ್ಷೇಪಿಸುವುದುಂಟು. ಟಿಇಟಿ ಎಂಬ ಮುಂಬಾಗಿಲನ್ನು ದಾಟಿದವರಿಗೆ ಮಿತವಾದ ಕೃಪಾಂಕ ಕೊಡುವುದರಲ್ಲಿ ನನಗೆ ಅಂಥ ದೋಷವೇನೂ ಕಾಣುವುದಿಲ್ಲ.

ಇಷ್ಟು ದೂರ ಶಿಕ್ಷಕರ ವಿಷಯವಾಯಿತು. ಪೂರಕ ಸಿಬ್ಬಂದಿಯ ವಿಷಯಕ್ಕೆ ಬಂದರೆ ವಿಮರ್ಶೆಗೆ ಸೇವೆಯೇ ಸಿಗುವುದಿಲ್ಲ, ಬರೀ ವ್ಯಕ್ತಿಗಳು ಸಿಗುತ್ತಾರೆ. ಅಕ್ಷರ ದಾಸೋಹ 2002ರ ಜೂನ್‌ನಲ್ಲಿ ಈಶಾನ್ಯ ಕರ್ನಾಟಕದ 7 ಜಿಲ್ಲೆಗಳಲ್ಲಿ ಶುರುವಾದಾಗಿನಿಂದ ಬಿಸಿಯೂಟವು ಶಾಲೆಯ ದಿನಚರಿಯ ನಡುಗಂಬವಾಗಿದೆ. ಇದಕ್ಕೆ ದೇಶದ ನಿಯಮ ಹೀಗಿದೆ: 25 ಮಕ್ಕಳವರೆಗೆ ಒಬ್ಬರು, 26ರಿಂದ 100ರವರೆಗೆ ಇಬ್ಬರು, ಆಮೇಲೆ ಪ್ರತಿ 100ಕ್ಕೆ ಒಬ್ಬರಂತೆ ಅಡುಗೆಯವರು. ಕೇಂದ್ರದ ಲೆಕ್ಕದಲ್ಲಿ ಅವರ ಗೌರವಧನ 2009ರಿಂದಲೂ ತಿಂಗಳಿಗೆ 1,000 ರೂಪಾಯಿಯೇ, ಅದೂ ವರ್ಷಕ್ಕೆ 10 ತಿಂಗಳಿಗೆ. ಕರ್ನಾಟಕದಂಥ ರಾಜ್ಯಗಳಲ್ಲಿ ಅದರಲ್ಲಿ ಕೇಂದ್ರದ ಪಾಲು 600. ಉಳಿದುದನ್ನು ರಾಜ್ಯ ಕಾಲಕಾಲಕ್ಕೆ ಸೇರಿಸುತ್ತ ಬಂದಿದೆ. 2025–26ರ ಬಜೆಟ್ಟಿನಲ್ಲಿ ಮತ್ತೆ 1,000 ರೂಪಾಯಿ ಏರಿಸಿದ ಮೇಲೂ ಒಟ್ಟು ಮೊತ್ತ 5,000 ಮುಟ್ಟಲಿಲ್ಲ. ಕಾಗದದ ಮೇಲೆ ಇದು ಅರೆಕಾಲಿಕ ಕೆಲಸ.

ಕಾಗದದ ಆಚೆಗಿನ ಕೆಲಸವನ್ನು ಅಡುಗೆಕೋಣೆಯ ಬಾಗಿಲಲ್ಲಿ ನಿಂತು ನೋಡಬೇಕು. ಪ್ರಾರ್ಥನೆಗೆ ಮುಂಚೆಯೇ ನೀರು ಕಾಯಿಸಿ ಹಾಲಿನ ಪುಡಿ ಗಂಟಾಗದಂತೆ ಕದಡಬೇಕು, ಲೋಟಗಳನ್ನು ತೊಳೆದಿಡಬೇಕು. ಅಷ್ಟರಲ್ಲಿ ಹಾಜರಿಯ ಸಂಖ್ಯೆ ಬರುತ್ತದೆ. ಅದರಂತೆ ಅಕ್ಕಿ ಬೇಳೆ ಅಳೆದು, ತರಕಾರಿ ಹೆಚ್ಚಿ, ಒಲೆ ಹಚ್ಚಬೇಕು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ 3 ವರ್ಷಗಳಿಗೆ 1,500 ಕೋಟಿ ರೂಪಾಯಿಯ ನೆರವಿನೊಂದಿಗೆ ಮುಂದೆ ಬಂದ ಮೇಲೆ ವಾರದ 6 ದಿನವೂ ಮೊಟ್ಟೆಯಾಗಿದೆ. ಮಕ್ಕಳ ಪಾಲಿಗೆ ಅದಕ್ಕಿಂತ ಒಳ್ಳೆಯ ಸುದ್ದಿಯಿಲ್ಲ. ಆದರೆ ನೂರು ಮೊಟ್ಟೆ ಬೇಯಿಸಿ, ತಣ್ಣೀರಿಗೆ ಹಾಕಿ, ಬಿಸಿ ಆರುವ ಮೊದಲೇ ಒಂದೊಂದಾಗಿ ಸುಲಿಯುವ ಬೆರಳುಗಳು ಅದೇ ಇಬ್ಬರು ಅಡುಗೆಯವರವು. ಮೊಟ್ಟೆಯ ದಿನಗಳು ಹೆಚ್ಚಿದವು, ಕೈಗಳ ಸಂಖ್ಯೆ ಹೆಚ್ಚಲಿಲ್ಲ. ಊಟಕ್ಕೆ ಮೊದಲು ಶಿಕ್ಷಕರು ರುಚಿ ನೋಡಿ ಪುಸ್ತಕದಲ್ಲಿ ಸಹಿ ಹಾಕುವ ನಿಯಮ ಪಾಲನೆಯಾಗುತ್ತದೆ. ಆದರೆ ಯಾವ ಮಗು ನಿನ್ನೆಯಿಂದ ಅನ್ನ ಬಿಡುತ್ತಿದೆ, ಯಾವ ಮಗು ಮನೆಯಲ್ಲಿ ಬೆಳಿಗ್ಗೆ ಏನೂ ತಿಂದಿಲ್ಲ ಎಂಬ ಲೆಕ್ಕ ಯಾವ ಪುಸ್ತಕದಲ್ಲೂ ಇರುವುದಿಲ್ಲ, ಬಡಿಸುವವರ ತಲೆಯಲ್ಲಿರುತ್ತದೆ. “ಮೇಡಂ, ಮೂರನೇ ಕ್ಲಾಸಿನ ಆ ಹುಡುಗಿ ಎರಡು ದಿನದಿಂದ ಸರಿಯಾಗಿ ಉಣ್ತಿಲ್ಲ, ಸ್ವಲ್ಪ ವಿಚಾರಿಸಿ” ಎಂದು ನಮ್ಮ ಶಾಲೆಯ ಅಡುಗೆಯ ಅಕ್ಕ ಹೇಳಿದ ಮೇಲೆಯೇ ಶಿಕ್ಷಕಿಯರು ಮನೆಯವರನ್ನು ಕರೆಸಿದ್ದುಂಟು.

ಇಂಥವರಿಗೆ ಮುಂದೆ ಯಾವ ದಾರಿಯಿದೆ? ಮುಖ್ಯ ಅಡುಗೆಯವರೆಂಬ ಹೆಸರು ಸಿಗಬಹುದು. ಗೌರವಧನದಲ್ಲಿ ಅದರ ವ್ಯತ್ಯಾಸ ಅತ್ಯಲ್ಪ. 60 ತುಂಬಿದಾಗ ಬಿಡುಗಡೆ. ಪಿಂಚಣಿಯಿಲ್ಲ. ಇವರ ಸ್ಥಿತಿಯನ್ನು ಅದೇ ಕಾಂಪೌಂಡಿನಲ್ಲಿ ಅನೇಕ ಕಡೆ ಇರುವ ಅಂಗನವಾಡಿಯ ಜೊತೆ ಹೋಲಿಸಿದರೆ ಕೊರತೆ ಎಲ್ಲಿದೆಯೆಂದು ಸ್ಪಷ್ಟವಾಗುತ್ತದೆ. 2022ರ ಸಕ್ಷಮ್ ಅಂಗನವಾಡಿ ಮಾರ್ಗಸೂಚಿಯ ಪ್ರಕಾರ ಕಾರ್ಯಕರ್ತೆಯರ ಹುದ್ದೆಗಳಲ್ಲಿ ಶೇ. 50ನ್ನು 5 ವರ್ಷದ ಅನುಭವವಿರುವ ಅರ್ಹ ಸಹಾಯಕಿಯರಿಗೂ, ಮೇಲ್ವಿಚಾರಕಿಯರ ಹುದ್ದೆಗಳಲ್ಲಿ ಶೇ. 50ನ್ನು 5 ವರ್ಷದ ಅನುಭವವಿರುವ ಕಾರ್ಯಕರ್ತೆಯರಿಗೂ ಬಡ್ತಿಯ ಮೂಲಕ ಕೊಡಬೇಕು. ಅದೇ ವರ್ಷದ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಅಂಗನವಾಡಿಯವರು ಗ್ರಾಚ್ಯುಟಿಗೆ ಅರ್ಹರೆಂದೂ ಹೇಳಿತು. ಅಂಗನವಾಡಿಯವರ ಗೌರವಧನವೂ ಹೇಳಿಕೊಳ್ಳುವಂತಿಲ್ಲ, ಅವರ ಹೋರಾಟವೂ ಮುಗಿದಿಲ್ಲ; ಆದರೂ ಹತ್ತನೇ ತರಗತಿ ಓದಿ ಸಹಾಯಕಿಯಾಗಿ ಸೇರಿದ ಹೆಣ್ಣುಮಗಳು ಮುಂದೆ ಓದಿದರೆ ಮೇಲ್ವಿಚಾರಕಿಯಾಗಿ ನಿವೃತ್ತಳಾಗಬಹುದೆಂಬ ಸಾಧ್ಯತೆಯನ್ನು ಆ ಇಲಾಖೆ ಲಿಖಿತವಾಗಿ ಒಪ್ಪಿಕೊಂಡಿದೆ. ಗೋಡೆಯ ಈಚೆಗಿನ ಶಾಲೆಯ ಅಡುಗೆಯವರಿಗೆ ಹಾಗೆ ಬರೆದುಕೊಟ್ಟವರು ಯಾರೂ ಇಲ್ಲ.

ಅವಕಾಶಗಳು ಇಲ್ಲವೆಂದಲ್ಲ. 2018–19ರಲ್ಲಿ 176 ಶಾಲೆಗಳೊಂದಿಗೆ ಶುರುವಾದ ಕರ್ನಾಟಕ ಪಬ್ಲಿಕ್ ಶಾಲೆಗಳ ಯೋಜನೆ ಬೆಳೆಯುತ್ತ ಹೋದಂತೆ ಸರ್ಕಾರಿ ಶಾಲೆಗಳೊಳಗೇ ಎಲ್‌ಕೆಜಿ, ಯುಕೆಜಿ ಬಂದಿವೆ. ಅವಕ್ಕೆ ಅತಿಥಿ ಶಿಕ್ಷಕಿಯರೂ ಆಯಾಗಳೂ ಬೇಕಾಗಿದ್ದಾರೆ. ಮಕ್ಕಳನ್ನು ಬಲ್ಲ, ಊರವರೇ ಆದ, ವರ್ಷಗಳಿಂದ ಶಾಲೆಯ ಸಮಯಕ್ಕೆ ಒಗ್ಗಿಕೊಂಡ ಅಡುಗೆಯವರಲ್ಲಿ ಓದಿದವರು ಇದ್ದೇ ಇದ್ದಾರೆ. ಓದು ನಿಲ್ಲಿಸಿದವರು ಖಾಸಗಿ ಅಭ್ಯರ್ಥಿಯಾಗಿ ಎಸ್‌ಎಸ್‌ಎಲ್‌ಸಿ, ಪಿಯುಸಿ ಬರೆಯಲು ಅಡ್ಡಿಯಿಲ್ಲ. ದಾರಿ ತುಂಡಾಗುವುದು ಅದರ ಮುಂದೆ. ಡಿ.ಎಲ್.ಇಡಿ. ಎರಡು ವರ್ಷ ಪೂರ್ಣಾವಧಿ ಹಾಜರಿಯ ಕೋರ್ಸು. ದುಡಿಯುವ ತಾಯಿ ಎರಡು ವರ್ಷ ಗೌರವಧನ ಬಿಟ್ಟು, ಬಸ್‌ಚಾರ್ಜು ತೆತ್ತು ಜಿಲ್ಲಾ ಕೇಂದ್ರಕ್ಕೆ ಹೋಗಲಾರಳು. ಅದೇ ಡಿ.ಎಲ್.ಇಡಿ. ಇರುವ ಶಿಕ್ಷಕರಿಗೆ ಮುಂದಿನ ಬಿ.ಇಡಿ.ಯನ್ನು ದೂರಶಿಕ್ಷಣದಲ್ಲಿ ಓದುವ ಅವಕಾಶ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಲ್ಲಿದೆ. ಅಂದರೆ ಎರಡನೆಯ ಮೆಟ್ಟಿಲನ್ನು ಕೆಲಸದಲ್ಲಿದ್ದುಕೊಂಡೇ ಏರಬಹುದು, ಮೊದಲನೆಯದನ್ನು ಏರಲಾಗದು. ಡಯಟ್‌ಗಳಲ್ಲಿ ಖಾಲಿ ಉಳಿಯುವ ಸೀಟುಗಳ ಒಂದು ಭಾಗವನ್ನು ಶಾಲೆಯಲ್ಲಿ ಐದು ವರ್ಷ ದುಡಿದ ಪೂರಕ ಸಿಬ್ಬಂದಿಗೆ ಮೀಸಲಿಟ್ಟು, ಓದುವ ಅವಧಿಯಲ್ಲಿ ಗೌರವಧನ ನಿಲ್ಲದಂತೆ ನೋಡಿಕೊಂಡು, ಅವರ ಇಂಟರ್ನ್‌ಶಿಪ್ಪನ್ನು ಅವರದೇ ಶಾಲೆಯಲ್ಲಿ ಇಟ್ಟರೆ, ಇದಕ್ಕೆ ಹೊಸ ಕಟ್ಟಡವಾಗಲಿ ಹೊಸ ಇಲಾಖೆಯಾಗಲಿ ಬೇಕಾಗುವುದಿಲ್ಲ. ಪೂರ್ಣಾವಧಿ ಹಾಜರಿಯ ಕೋರ್ಸೇ ಆಗಿರುವುದರಿಂದ, ಮುಕ್ತ ಶಾಲಾ ಸಂಸ್ಥೆಯ ಡಿಪ್ಲೊಮಾಕ್ಕೆ ಒದಗಿದ ಕಾನೂನಿನ ತೊಡಕೂ ಇದಕ್ಕೆ ತಗುಲದು.

ಉಳಿದ ಪೂರಕ ಹುದ್ದೆಗಳ ಬಗ್ಗೆ ಹೆಚ್ಚು ಹೇಳಲು ಇಲ್ಲ. ಗುಮಾಸ್ತರಿಲ್ಲದ ಕಾರಣ ವಿದ್ಯಾರ್ಥಿಗಳ ವಿವರ ದಾಖಲಿಸುವ ಎಸ್‌ಎಟಿಎಸ್ ಜಾಲತಾಣದ ನಮೂದು, ಬಿಸಿಯೂಟದ ದೈನಂದಿನ ಲೆಕ್ಕ, ವಿದ್ಯಾರ್ಥಿವೇತನದ ಅರ್ಜಿ, ಆಧಾರ್ ತಿದ್ದುಪಡಿ ಎಲ್ಲವೂ ಮುಖ್ಯಶಿಕ್ಷಕರ ಮೊಬೈಲಿಗೇ ಬರುತ್ತವೆ. ಹೀಗಾಗಿ ಖಾತೆಯಲ್ಲಿ ಐವರು ಶಿಕ್ಷಕರೆಂದು ಕಂಡರೂ ಪಾಠಕ್ಕೆ ಸಿಗುವವರು ನಾಲ್ವರು. ನಾಲ್ಕೈದು ಶಾಲೆಗಳಿಗೆ ಒಬ್ಬ ಗುಮಾಸ್ತರನ್ನು ಕ್ಲಸ್ಟರ್ ಮಟ್ಟದಲ್ಲಿ ಕೊಟ್ಟರೂ ಅಷ್ಟೂ ಶಾಲೆಗಳಿಗೆ ಶಿಕ್ಷಕರ ಹೊತ್ತು ಮರಳಿ ಸಿಗುತ್ತದೆ. ಹೊಸ ಶಿಕ್ಷಕರ ನೇಮಕಾತಿಗಿಂತ ಅಗ್ಗದ, ಬೇಗದ ಪರಿಹಾರ ಅದು. ವಿಶೇಷ ಶಿಕ್ಷಕರ ಸ್ಥಿತಿ ಇನ್ನೂ ಸೊರಗಿದೆ. 2021ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟು ಪ್ರಾಥಮಿಕ ಹಂತದಲ್ಲಿ ವಿಶೇಷ ಅಗತ್ಯದ 10 ಮಕ್ಕಳಿಗೆ, ಮುಂದಿನ ಹಂತದಲ್ಲಿ 15 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕೆಂದು ಹೇಳಿದೆ. ಹಳ್ಳಿಯ ಶಾಲೆಗೆ ಸಿಗುವುದು ಬ್ಲಾಕ್ ಮಟ್ಟದಿಂದ ಆಗೊಮ್ಮೆ ಈಗೊಮ್ಮೆ ಬಂದು ಹೋಗುವ ಸಂಪನ್ಮೂಲ ಶಿಕ್ಷಕರು ಮಾತ್ರ. ಅವರ ಶ್ರದ್ಧೆಯಲ್ಲಿ ಕೊರತೆ ಕಾಣಲಿಲ್ಲ. ಅವರು ಸುತ್ತಬೇಕಾದ ಊರುಗಳ ಪಟ್ಟಿ ಉದ್ದವಾಗಿದೆ.

ಹೊಸದಾಗಿ ಬರುತ್ತಿರುವ ನಾಲ್ಕು ವರ್ಷದ ಸಂಯೋಜಿತ ಬಿ.ಇಡಿ. ಬಗ್ಗೆಯೂ ಒಂದು ಮಾತು ಹೇಳಬೇಕು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 2030ರ ವೇಳೆಗೆ ಇದನ್ನೇ ಶಿಕ್ಷಕರ ಕನಿಷ್ಠ ಅರ್ಹತೆಯಾಗಿಸುವ ಗುರಿ ಇಟ್ಟುಕೊಂಡಿದೆ. ಕಲ್ಪನೆ ನಮಗೆ ಹೊಸದಲ್ಲ. 1963ರಲ್ಲಿ ಆರಂಭವಾದ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ ವಿಜ್ಞಾನ ಮತ್ತು ಶಿಕ್ಷಣವನ್ನು ನಾಲ್ಕು ವರ್ಷಗಳಲ್ಲಿ ಒಟ್ಟಿಗೆ ಕಲಿಸುವ ಪದವಿಯನ್ನು ದಶಕಗಳಿಂದ ನಡೆಸುತ್ತ ಬಂದಿದೆ. ಹದಿನೆಂಟನೇ ವಯಸ್ಸಿಗೇ ಶಿಕ್ಷಕರಾಗುವುದೆಂದು ನಿಶ್ಚಯಿಸಿದವರಿಗೆ ಒಂದು ವರ್ಷ ಉಳಿಸುವ ಒಳ್ಳೆಯ ಕೋರ್ಸು ಅದು. ಆದರೆ ಅಡುಗೆಯ ಅಕ್ಕನಂಥವರಿಗೆ, ಮದುವೆಯಾಗಿ ಮಕ್ಕಳಾದ ಮೇಲೆ ಊರಲ್ಲೇ ಕೆಲಸ ಹುಡುಕುವ ಪದವೀಧರೆಯರಿಗೆ ಅದು ದೂರದ ಮಾತು, ಡಿ.ಎಲ್.ಇಡಿ.ಯನ್ನು ಮುಚ್ಚುವ ಅವಸರದಲ್ಲಿ ಇವರಿಗೆ ತೆರೆಯಬಹುದಾದ ಬಾಗಿಲನ್ನೂ ಮುಚ್ಚಿಬಿಡುವ ಅಪಾಯವಿದೆ.

ಒಟ್ಟಾರೆ ಅಂಕ ಕೊಡುವುದಾದರೆ ಟಿಇಟಿಗೆ ಐದರಲ್ಲಿ ನಾಲ್ಕು, ತರಬೇತಿಗೆ ಮೂರು, ಅತಿಥಿ ಶಿಕ್ಷಕರ ಏರ್ಪಾಡಿಗೆ ವೇಗದ ಕಾರಣಕ್ಕೆ ಎರಡೂವರೆ, ಕಾಯಂ ನೇಮಕಾತಿಗೆ ಒಂದು. ಪೂರಕ ಸಿಬ್ಬಂದಿಯ ಭಾಗಕ್ಕೆ ಅಂಕ ಕೊಡದೆ ಬಿಡುತ್ತೇನೆ. ಅಲ್ಲಿ ದುಡಿಯುವವರಿಗೆ ಕೊಡುವ ಅಂಕ ವ್ಯವಸ್ಥೆಯ ಖಾತೆಗೆ ಹೋಗಬಾರದು. ಈಗ ಪಿಯುಸಿ ಮುಗಿಸಿ ಚಿಕ್ಕ ಮಕ್ಕಳಿಗೆ ಕಲಿಸುವ ಆಸೆಯಿರುವವರು, ಬಿ.ಇಡಿ. ಮಾಡಿದರೆ ಎಲ್ಲ ತರಗತಿಗೂ ಆಗುತ್ತದೆಂಬ ಕಾಲೇಜುಗಳ ಹಳೆಯ ಮಾತನ್ನು ನಂಬದೆ, ಡಯಟ್‌ನ ಡಿ.ಎಲ್.ಇಡಿ. ಸೀಟಿಗೆ ಮೊದಲು ಪ್ರಯತ್ನಿಸುವುದು ಲೇಸು. ಟಿಇಟಿಯನ್ನು ಆದಷ್ಟು ಬೇಗ ಮುಗಿಸಿದರೆ ಅದರ ಮಾನ್ಯತೆ ಜೀವನವಿಡೀ ಉಳಿಯುತ್ತದೆ. ಅತಿಥಿ ಶಿಕ್ಷಕರಾಗಿ ಸೇರುವವರು ಕೆಲಸ ಮಾಡಿದ ಅವಧಿ, ತರಗತಿ, ವಿಷಯ ಮೂರನ್ನೂ ನಮೂದಿಸಿದ ಅನುಭವ ಪತ್ರವನ್ನು ಪ್ರತಿ ಮಾರ್ಚ್‌ನಲ್ಲಿಯೇ ಮುಖ್ಯಶಿಕ್ಷಕರ ಸಹಿ ಮತ್ತು ಮೊಹರಿನೊಂದಿಗೆ ಪಡೆದಿಟ್ಟುಕೊಳ್ಳಬೇಕು. ಮುಖ್ಯಶಿಕ್ಷಕರಿಗೆ ವರ್ಗವಾದ ನಂತರ ಹಳೆಯ ಹಾಜರಿ ಪುಸ್ತಕ ಹುಡುಕಿಸಿ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿಯಿಂದ ದೃಢೀಕರಣ ಪಡೆಯುವುದು ಬಹಳ ಓಡಾಟದ ಕೆಲಸ.